ಮನೆಯಲ್ಲಿ ಬೇಡವಾದ ಸಾಮಾನು ಕೊಡುವ ಬಗೆ

(ಹಂಗಾಮಿನ ಮುಂಚೆ ಸೇರಿದ ಸಭಾಸದರ ಮೇಳಾವೆಯಲ್ಲಿ ಮಾಡಿದ ಭಾಷಣ)



ದೀಪಾವಳಿಗೆ ಮನೆ ಸಾರಿಸಿ ಸುಣ್ಣ ಬಳಿಯುವಾಗ ಅಟ್ಟದ ಮೇಲಿನ ಸಾಮಾನೆಲ್ಲ ಅಂಗಳಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಬೀಡ, ಅಹಿಲ್ಯಾನಗರ, ಜಾಲನಾ ಕಡೆಯಿಂದ ಕಬ್ಬು ಕಡಿಯುವ ಟೋಳಿಗಳೂ ನಮ್ಮಲ್ಲಿ ಬಂದು ಇಳಿಯುತ್ತವೆ. ಒಂದು ಕಡೆ ಇಡಲು ಜಾಗವಿಲ್ಲದಷ್ಟು ಸಾಮಾನು, ಇನ್ನೊಂದು ಕಡೆ ನಾಲ್ಕು ಪಾತ್ರೆ, ಎರಡು ಹಾಸಿಗೆಯ ಕೊಪ್ಪಿ. ಅದಕ್ಕಾಗಿ ಈ ಸಲ ಗಟ್ ಆಫೀಸುಗಳಲ್ಲಿ ಹಳೇ ಸಾಮಾನು ಕೂಡಿಸುವ ಕೆಲಸ ಹಿಡಿದಿದ್ದೇವೆ. ಕೊಡಿರಿ ಎಂದು ನಿಮಗೆ ಕಲಿಸಬೇಕಾಗಿಲ್ಲ. ಏನು ಕೊಡಬೇಕು, ಏನು ಕೊಡಬಾರದು ಎಂಬುದನ್ನಷ್ಟೇ ಹೇಳುತ್ತೇನೆ.

ಕಾರಖಾನೆಯನ್ನೇ ನೋಡಿರಿ. ನೂರು ಟನ್ ಕಬ್ಬು ಅರೆದರೆ ಸುಮಾರು ೨೮-೩೦ ಟನ್ ಸಿಪ್ಪೆ, ೪ ಟನ್ನಿನಷ್ಟು ಕಾಕಂಬಿ, ೩-೪ ಟನ್ ಪ್ರೆಸ್‌ಮಡ್ ಬರುತ್ತದೆ. ಸಿಪ್ಪೆ ಬಾಯ್ಲರಿಗೆ, ಕಾಕಂಬಿ ಡಿಸ್ಟಿಲರಿಗೆ, ಪ್ರೆಸ್‌ಮಡ್ ನಿಮ್ಮ ಹೊಲಕ್ಕೆ. ಬೇರೆ ಬೇರೆ ಇದ್ದಾಗ ಒಂದೂ ಕಸವಲ್ಲ. ಒಂದರೊಳಗೊಂದು ಕಲೆತರೆ ಮೂರೂ ಕಸವೇ. ಬೇರಿನ ಮಣ್ಣು, ರವದಿ ಕೂಡಿಕೊಂಡ ಕಬ್ಬು ಕಾಟಾಕ್ಕೆ ಬಂದರೆ ತೂಕ ಇರುತ್ತದೆ, ರಿಕವರಿ ಇರುವುದಿಲ್ಲ. ಬಟ್ಟೆಯ ಗಂಟಿನದೂ ಅದೇ ಲೆಕ್ಕ. ಸರಿಯಾಗಿ ಒಣಗದ ಒಂದು ಟವೆಲ್ಲು ಇಡೀ ಗಂಟಿಗೆ ಬೂಸಲು ಹಿಡಿಸುತ್ತದೆ.

೨೦೦೪ ರ ಡಿಸೆಂಬರ್ ೨೬ ರಂದು ಸುನಾಮಿ ಬಂದಾಗ ತಮಿಳುನಾಡಿನ ಕರಾವಳಿಗೆ ದೇಶದ ಎಲ್ಲ ಕಡೆಯಿಂದ ಲಾರಿಗಟ್ಟಲೆ ಹಳೇ ಬಟ್ಟೆ ಹೋಯಿತು. ಎಷ್ಟೋ ಬಟ್ಟೆ ಯಾರಿಗೂ ಬೇಡವಾಗಿ ರಸ್ತೆಯ ಬದಿಗೆ ರಾಶಿ ಬಿದ್ದಿತ್ತು. ಮನೆ, ದೋಣಿ ಕಳೆದುಕೊಂಡ ಮೀನುಗಾರರು ಕೂಡ ಹರಿದು ಕೊಳೆಯಾದದ್ದನ್ನು ಉಡಲು ಒಪ್ಪಲಿಲ್ಲ. ಏಕೆ ಒಪ್ಪಬೇಕು? ಆ ರಾಶಿಗಳನ್ನು ಆರಿಸಿ, ವಿಂಗಡಿಸಿ ಉಪಯೋಗಕ್ಕೆ ತರುವ ಕೆಲಸಕ್ಕೆ ದಿಲ್ಲಿಯ ಗೂಂಜ್ ಎಂಬ ಸಂಸ್ಥೆ ಕೈಹಾಕಬೇಕಾಯಿತು. ಅಂಶು ಗುಪ್ತಾ ಅವರು ೧೯೯೯ ರಲ್ಲಿ ಕಟ್ಟಿದ ಸಂಸ್ಥೆ ಅದು. ೨೦೧೫ ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂದಿತು. ಅವರ ಪದ್ಧತಿಯಲ್ಲಿ ನನಗೆ ಹಿಡಿಸಿದ್ದೆಂದರೆ, ಊರಿನವರು ತಾವೇ ಕೂಡಿ ಬಾವಿ ತೋಡುತ್ತಾರೆ, ದಾರಿ ಸರಿಮಾಡುತ್ತಾರೆ. ಆ ದುಡಿಮೆಗೆ ಪ್ರತಿಯಾಗಿ ಬಟ್ಟೆ, ಸಾಮಾನು ಒಯ್ಯುತ್ತಾರೆ. ಕೈ ಒಡ್ಡಿದ್ದು ಬೇರೆ, ದುಡಿದು ಒಯ್ದದ್ದು ಬೇರೆ.

ಅದೇ ಸಂಸ್ಥೆ ತೊಡಲು ಬಾರದ ಹತ್ತಿ ಬಟ್ಟೆಯನ್ನು ತೊಳೆದು, ಕತ್ತರಿಸಿ, ಹೆಣ್ಣುಮಕ್ಕಳ ತಿಂಗಳ ಬಳಕೆಗೆ ಸಿದ್ಧಮಾಡಿ ಕೊಡುತ್ತದೆ. ಇದು ಸಭೆಯಲ್ಲಿ ಆಡುವ ಮಾತಲ್ಲ ಎಂದು ಕೆಲವು ಹಿರಿಯರಿಗೆ ಅನಿಸಬಹುದು. ಆದರೆ ಗಂಡಹೆಂಡತಿ ಜೋಡಿಯನ್ನು ಒಂದೇ ಕೋಯ್ತಾ ಎಂದು ಎಣಿಸುವ ಕೆಲಸದಲ್ಲಿ, ನಸುಕಿನಲ್ಲಿ ಫಡಕ್ಕೆ ಇಳಿದು ಮೋಳಿಗೆ ಹೊರುವ ಹೆಣ್ಣುಮಗಳಿಗೆ ಆ ನಾಲ್ಕು ದಿನವೂ ರಜೆ ಇಲ್ಲ. ಆದ್ದರಿಂದ ಮೆತ್ತಗಾದ ಹತ್ತಿಯ ಸೀರೆ, ಧೋತರಗಳಿದ್ದರೆ ತಾಯಂದಿರು ಒಗೆದು ಬಿಸಿಲಿಗೆ ಒಣಗಿಸಿ ಬೇರೆ ಗಂಟು ಕಟ್ಟಿರಿ. ನೈಲಾನು, ಟೆರಿಲಿನ್ನು ಇದಕ್ಕೆ ಬರುವುದಿಲ್ಲ, ನೀರು ಹೀರುವುದಿಲ್ಲ.

ಹರಿದ ಬಟ್ಟೆಯನ್ನು ಏನು ಮಾಡಬೇಕೆಂದು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೀರೆ ಹಳತಾದರೆ ಕೌದಿ, ಕೌದಿ ಹಳತಾದರೆ ಕೂಸಿನ ಹಾಸಿಗೆ, ಅದೂ ಹೋದರೆ ಒಲೆಯ ಮೇಲಿನ ಪಾತ್ರೆ ಇಳಿಸುವ ಅರಿವೆ. ಹರಿಯಾಣದ ಪಾಣಿಪತ್ತಿನಲ್ಲಿ ಇದೇ ಕೆಲಸ ಯಂತ್ರದಿಂದ ನಡೆಯುತ್ತದೆ. ಹಳೇ ಉಣ್ಣೆ ಬಟ್ಟೆಯನ್ನು ಬಣ್ಣಬಣ್ಣಕ್ಕೆ ಬೇರೆ ಮಾಡಿ, ಹಿಂಜಿ, ನೂಲು ತೆಗೆದು ಕಂಬಳಿ ನೇಯುತ್ತಾರೆ. ಕೌದಿ ಹೊಲಿಯಬಲ್ಲವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ತೊಡಲು ಬಾರದ ಬಟ್ಟೆಯನ್ನು ಅವರ ಕೈಗೆ ಕೊಟ್ಟು ಕೂಲಿ ಕೊಟ್ಟರೆ ಎರಡು ಮನೆಗೆ ಉಪಯೋಗ.

ಇನ್ನು ಕೊಡಬಾರದ್ದು. ಇದನ್ನು ಲಕ್ಷ್ಯಗೊಟ್ಟು ಕೇಳಿರಿ. ಕಳೆನಾಶಕದ, ಕೀಟನಾಶಕದ ಖಾಲಿ ಕ್ಯಾನುಗಳು ನಿಮ್ಮೆಲ್ಲರ ಪಂಪ್‌ಹೌಸಿನಲ್ಲಿ ಬಿದ್ದಿವೆ. ಗಟ್ಟಿ ಪ್ಲಾಸ್ಟಿಕ್ಕು, ಒಳ್ಳೇ ಮುಚ್ಚಳ. ಟೋಳಿಯವರು ಕೇಳಿದರೆ "ಒಯ್ಯಿರಿ" ಎಂದುಬಿಡುತ್ತೇವೆ. ಅವರು ಅದರಲ್ಲಿ ಕುಡಿಯುವ ನೀರು ತುಂಬುತ್ತಾರೆ. ಎಷ್ಟು ತೊಳೆದರೂ ಅದು ನೀರಿನ ಕ್ಯಾನು ಆಗುವುದಿಲ್ಲ. ಇಂಥ ಡಬ್ಬಿಗಳು ಮತ್ತೆ ಯಾರ ಬಳಕೆಗೂ ಸಿಗದಂತೆ ಒಡೆದು, ವಸತಿಯಿಂದ ದೂರ ಹೂಳಬೇಕೆಂದು ೧೯೭೧ ರ ಕೀಟನಾಶಕ ನಿಯಮಗಳಲ್ಲೇ ಬರೆದಿದೆ. ಕೇಳಿದವರಿಗೆ ಇಲ್ಲ ಎನ್ನಿರಿ, ಬದಲಿಗೆ ಅಡಿಗೆ ಎಣ್ಣೆಯ ಡಬ್ಬಿಯನ್ನೋ ಮುಚ್ಚಳವಿರುವ ಹಳೇ ಸ್ಟೀಲಿನ ಕೊಡವನ್ನೋ ಕೊಡಿರಿ. ಉಳಿದ ಔಷಧಿ ಗುಳಿಗೆ, ಕೆಟ್ಟ ಬ್ಯಾಟರಿ, ಒಡೆದ ಮೊಬೈಲು ಇವೂ ಗಂಟಿನಲ್ಲಿ ಬೇಡ.

ಪುಸ್ತಕದ ವಿಷಯ. ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚುಮಾಡುತ್ತದೆ, ನಮ್ಮ ಮಕ್ಕಳು ಅವನ್ನೇ ಓದುತ್ತಾರೆ. ಬೀಡಿನಿಂದ ಬಂದ ಕೂಸು ಓದುವುದು ಮರಾಠಿ. ಕನ್ನಡ ಪುಸ್ತಕಗಳನ್ನು ನಮ್ಮ ಕನ್ನಡ ಶಾಲೆಗೇ ಕೊಡಿರಿ. ಕೊಪ್ಪಿಯ ಮಕ್ಕಳಿಗಾಗಿ ಮರಾಠಿ ಪುಸ್ತಕ, ಪಾಟಿ, ಅರ್ಧ ಬರೆದ ವಹಿ ಇದ್ದರೆ ತನ್ನಿರಿ. ವಹಿಯ ಬರೆದ ಹಾಳೆ ಹರಿದು ತೆಗೆದಿರಬೇಕು.

ಹಂಚುವುದನ್ನು ಮುಕಾದಮರ ಕೈಗೆ ಬಿಡುವುದಿಲ್ಲ. ಉಚಲಿನ ಲೆಕ್ಕ ಅವರ ಹತ್ತಿರ ಇರುವಾಗ, ಕೊಟ್ಟ ಸೀರೆಯೂ ಆ ಲೆಕ್ಕಕ್ಕೆ ಸೇರಿದರೆ ಕೇಳುವವರು ಯಾರು? ಸಾಮಾನನ್ನು ಖೋಲಿಯಲ್ಲಿ ಹರವಿ ಇಡೋಣ. ಸಂತೆಯ ದಿನ ಅವರೇ ಬಂದು ತಮ್ಮ ಅಳತೆಗೆ, ಮನಸ್ಸಿಗೆ ಬಂದದ್ದನ್ನು ಆರಿಸಿಕೊಳ್ಳಲಿ. ಬೆಳೆಗಾರ ಬಂಧುಗಳಿಗೂ ಒಂದು ಮಾತು: "ಈ ಚಾದರ ಇಟ್ಟುಕೋ, ನಾಳೆ ನನ್ನ ಕಬ್ಬಿಗೆ ಮೊದಲು ಕೋಯ್ತಾ ಹಾಕು" ಎಂದರೆ ಅದು ದಾನವಲ್ಲ, ಲಂಚ. ನಗುತ್ತೀರಿ, ಆದರೆ ಯಾರು ನಗುತ್ತಿದ್ದಾರೆಂದು ನಾನು ನೋಡುತ್ತಿದ್ದೇನೆ. ಹಾಗೆಯೇ, ಹಳೇ ಅಂಗಿ ಕೊಟ್ಟೆವೆಂದು ಕಡಿತದ ಹಣ ಕೊಡಲು ತಡಮಾಡುವಂತೆಯೂ ಇಲ್ಲ.

ತರುವಾಗ ಇಷ್ಟು ನೋಡಿರಿ. ಬಟ್ಟೆ ಒಗೆದು ಒಣಗಿರಲಿ, ಅಂಗಿಗೆ ಗುಂಡಿ ಇರಲಿ. ಚಪ್ಪಲಿಯ ಜೋಡಿಯನ್ನು ದಾರದಿಂದ ಕಟ್ಟಿರಿ. ಒಂಟಿ ಚಪ್ಪಲಿ ಯಾರ ಕಾಲಿಗೂ ಅಲ್ಲ. ಸೋರುವ ಬಕೆಟ್ಟು ಭಂಗಾರದವನಿಗೆ ಹೋಗಲಿ. ಸೊಲ್ಲಾಪುರಿ ಚಾದರ, ಕಂಬಳಿ, ಮಕ್ಕಳ ಸ್ವೆಟರುಗಳನ್ನು ಬೇರೆ ಕಟ್ಟಿ, ಮೇಲೆ ಚೀಟಿ ಅಂಟಿಸಿರಿ. ಹೊಲದ ಬದಿಯ ತಟ್ಟಿಯೊಳಗೆ ಮಾರ್ಗಶಿರದ ಚಳಿ ನಮ್ಮ ಗೋಡೆಯೊಳಗಿನಂತೆ ಇರುವುದಿಲ್ಲ, ಆದ್ದರಿಂದ ಆ ಗಂಟುಗಳು ಮೊದಲು ಹೋಗಬೇಕು. ಗಟ್ ಆಫೀಸಿನ ಹಿಂದಿನ ಖೋಲಿ ಹಬ್ಬದ ಮರುದಿನದಿಂದ ತೆರೆದಿರುತ್ತದೆ.