ಕೆಳಗಿನ ಮಹಡಿಯ ಪ್ರಯೋಗಾಲಯ



ಇಲ್ಲಿರುವ ಹಿರಿಯರ ತೋಳಿನ ಮೇಲೆ ಸಿಡುಬಿನ ಲಸಿಕೆಯ ಕಲೆ ಇದೆ. ನನ್ನ ತೋಳಿನ ಮೇಲಿಲ್ಲ. ಆ ರೋಗದಿಂದ ಕೊನೆಯದಾಗಿ ಸತ್ತವರು ಜಾನೆಟ್ ಪಾರ್ಕರ್, 1978ರ ಸೆಪ್ಟೆಂಬರಿನಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಫೋಟೊ ತೆಗೆಯುವ ಕೆಲಸ ಅವರದು. ಸಿಡುಬಿನ ವೈರಸ್ ಇಟ್ಟುಕೊಂಡಿದ್ದ ಪ್ರಯೋಗಾಲಯ ಅವರ ಕೋಣೆಯ ಕೆಳಗಿನ ಮಹಡಿಯಲ್ಲಿತ್ತು. ಅದು ಮೇಲೆ ಬಂದದ್ದು ಗಾಳಿಯ ಕೊಳವೆಯಿಂದಲೋ ಬೇರೆ ದಾರಿಯಿಂದಲೋ, ಖಚಿತವಾಗಲೇ ಇಲ್ಲ. ತಾಯಿಗೂ ತಗುಲಿತು; ಪುಣ್ಯಕ್ಕೆ ಅವರು ಬದುಕಿದರು.

ನಾನು ಸಾಫ್ಟ್‌ವೇರಿನವನು, ನನ್ನ ತಪ್ಪನ್ನು ರಾತ್ರಿ ಕೂತು ಸರಿಪಡಿಸಬಹುದು. ಇದೇ ಶಾಲೆಯಲ್ಲಿ ಓದಿದ ನನ್ನ ತಂಗಿ ಈಗ ರೋಗಾಣುಗಳ ಸಂಶೋಧನೆಯಲ್ಲಿದ್ದಾಳೆ. ಮೊನ್ನೆ ಫೋನಿನಲ್ಲಿ ಲ್ಯಾಬಿನ ಕಸದ ಬಗ್ಗೆ ಕೇಳಿದೆ.

“ಆಟೋಕ್ಲೇವ್‌ನಲ್ಲಿ, ಕುಕ್ಕರಿನ ಹಾಗೆ, ಬೇಯಿಸಿಯೇ ಹೊರಗೆ ಕಳಿಸ್ತೀವಿ” ಎಂದಳು.

“ಯಾಕೆ ಬೇಯಿಸ್ತೀರಿ ಅಂತ ಕಸ ಒಯ್ಯುವ ಅಕ್ಕನಿಗೆ ಗೊತ್ತಾ?”

ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಳೆ ಹೇಳ್ತೀನಿ ಅಣ್ಣ” ಎಂದಳು.