ಕೇಳುವುದೂ ಭಕ್ತಿಯೇ





ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದರು. ಅರಮನೆಯ ಹೊನ್ನನ್ನೆಲ್ಲ ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ಅರಸನಲ್ಲಿ ಚಾಡಿ ಹೇಳಿದರು. ಅರಸ ಲೆಕ್ಕ ಕೇಳಿದ. ಬಸವಣ್ಣನವರು ಮುನಿಯಲಿಲ್ಲ, ಭಂಡಾರದ ಬಾಗಿಲು ತೆರೆದು, ಎಣಿಸಿಕೊಳ್ಳಿ ಎಂದರು. ಎಣಿಸಿದಾಗ ಒಂದು ಹಣವೂ ಕಡಿಮೆಯಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ನಾವೆಲ್ಲರೂ ಆ ಪವಾಡಕ್ಕೆ ಕೈಮುಗಿಯುತ್ತೇವೆ. ಆದರೆ ಲೆಕ್ಕ ಕೇಳಿದಾಗ ಬಾಗಿಲು ತೆರೆದರಲ್ಲ, ಆ ನಡೆಗೆ ಎಷ್ಟು ಜನ ಕೈಮುಗಿದಿದ್ದೇವೆ?

ಹೊನ್ನಿಗಿಂತ ಹಿರಿದಾದ ಭಂಡಾರ ಮಕ್ಕಳು. ಪ್ರತಿ ವರ್ಷ ಜಾತ್ರೆಯ ದಿನ ಇದೇ ವೇದಿಕೆಯ ಮೇಲೆ ದಾಸೋಹದ ಲೆಕ್ಕ ಓದುತ್ತೇವೆ. ಅಕ್ಕಿ ಇಷ್ಟು ಚೀಲ, ಬೇಳೆ ಇಷ್ಟು, ಎಣ್ಣೆ ಇಷ್ಟು ಡಬ್ಬಿ. ನೀವು ಚಪ್ಪಾಳೆ ತಟ್ಟುತ್ತೀರಿ. ಆದರೆ ಪ್ರಸಾದ ನಿಲಯದಿಂದ ಊರಿಗೆ ಹೋದ ಮಕ್ಕಳಲ್ಲಿ ಎಷ್ಟು ಮಂದಿ ಮರಳಿ ಬರಲಿಲ್ಲ, ಏಕೆ ಬರಲಿಲ್ಲ? ಆ ಲೆಕ್ಕವನ್ನು ನಾವು ಓದಿಲ್ಲ. ನೀವೂ ಕೇಳಿಲ್ಲ.

ಇದನ್ನು ಹೇಳಲು ಕಾರಣವಿದೆ. ಹಿಂದೊಮ್ಮೆ ನಮ್ಮ ನಿಲಯದ ಹುಡುಗನೊಬ್ಬ ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. 'ಸ್ವಂತ ಇಚ್ಛೆಯಿಂದ ಬಿಟ್ಟಿದ್ದಾನೆ' ಎಂದು ರಿಜಿಸ್ಟರಿನಲ್ಲಿ ಬರೆದರು. ನಾವು ಸಹಿ ಮಾಡಿದೆವು. ಬಹಳ ದಿನಗಳ ಮೇಲೆ ಅವನ ತಾಯಿ ದರ್ಶನಕ್ಕೆ ಬಂದಾಗ, ಮಗ ಏಕೆ ಬರಲಿಲ್ಲ ತಾಯಿ ಎಂದು ಕೇಳಿದೆವು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನಿಲಯ ನೋಡಿಕೊಳ್ಳುತ್ತಿದ್ದವನು ರಾತ್ರಿ ಬೆತ್ತದಿಂದ ಹೊಡೆಯುತ್ತಿದ್ದನಂತೆ. ಮೊದಲೇ ಏಕೆ ಹೇಳಲಿಲ್ಲವೆಂದರೆ, 'ಬುದ್ಧೀ, ಮಠದ ಮೇಲೆ ದೂರು ಹೇಳಿದರೆ ಪಾಪ ಬರ್ತದೆ ಅಂತ ಸುಮ್ಮನಿದ್ದೆ' ಎಂದಳು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಹೊಡೆದವನ ತಪ್ಪು ಒಂದು, ಅವನನ್ನು ಕಳಿಸಿದ್ದಾಯಿತು. ಆದರೆ ಆ ತಾಯಿಯ ಬಾಯಿ ಕಟ್ಟಿದ್ದು ಯಾವುದು? ನಮ್ಮ ಕಾವಿ. ಭಕ್ತಿಯೇ ಮಗುವಿನ ಅಳುವಿಗೆ ಅಡ್ಡ ಪರದೆಯಾಯಿತು.

ಇದು ಒಂದು ಊರಿನ ಮಾತಲ್ಲ. ಬಿಹಾರದ ಮುಜಫರ್‌ಪುರದಲ್ಲಿ ಸರ್ಕಾರದ ಹಣದಿಂದಲೇ ನಡೆಯುತ್ತಿದ್ದ ಬಾಲಿಕಾಗೃಹವೊಂದಿತ್ತು. ಕಾಗದದಲ್ಲಿ ಎಲ್ಲವೂ ನೇರವಾಗಿತ್ತು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ಆ ರಾಜ್ಯದ 110 ಆಶ್ರಯಗೃಹಗಳಿಗೆ ಹೋಗಿ ಮಕ್ಕಳನ್ನೇ ಮಾತನಾಡಿಸಿತು. 2018ರಲ್ಲಿ ಅದರ ವರದಿ ಬಂದ ಮೇಲೆ ಆ ಹೆಣ್ಣುಮಕ್ಕಳು ಪಟ್ಟ ನರಕ ಲೋಕಕ್ಕೆ ತಿಳಿಯಿತು. 2020ರಲ್ಲಿ ದಿಲ್ಲಿಯ ನ್ಯಾಯಾಲಯ 19 ಮಂದಿಯನ್ನು ಅಪರಾಧಿಗಳೆಂದಿತು. ಅವರಲ್ಲಿ ಮಕ್ಕಳ ರಕ್ಷಣೆಗೆಂದೇ ನೇಮಕಗೊಂಡ ಅಧಿಕಾರಿಯೂ ಇದ್ದ, ಮಕ್ಕಳ ಕಲ್ಯಾಣ ಸಮಿತಿಯ ಅಧ್ಯಕ್ಷನೂ ಇದ್ದ. ಬೇಲಿಯೇ ಹೊಲ ಮೇಯ್ದರೆ ಏನು ಮಾಡಬೇಕು? ಬೇಲಿಯನ್ನೂ ದಿನವೂ ನೋಡುವವರಿರಬೇಕು.

ಕಾಯ್ದೆ ಇಲ್ಲವೆಂದಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ ದಿಕ್ಕಿಲ್ಲದ ಮಕ್ಕಳನ್ನು ಇರಿಸಿಕೊಂಡ ಸಂಸ್ಥೆಗಳು ನೋಂದಣಿಯಾಗಲೇಬೇಕು. ಮೂರು ತಿಂಗಳಿಗೊಮ್ಮೆಯಾದರೂ ತಪಾಸಣೆ ನಡೆಯಬೇಕು. ಬರುವವರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯರು ಇರಬೇಕು. 2012ರ ಪೋಕ್ಸೋ ಕಾಯ್ದೆಯಂತೆ, ತನ್ನ ಕೈಕೆಳಗಿನವನು ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದು ತಿಳಿದೂ ಪೊಲೀಸರಿಗೆ ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸವುಂಟು. ಸಂಸ್ಥೆಯ ಹೆಸರು ಕೆಡುತ್ತದೆಂದು ಮುಚ್ಚಿಡುವುದು ಅಪರಾಧ. ಕಾಯ್ದೆಯ ಲೆಕ್ಕದಲ್ಲಿ ಪ್ರಸಾದ ನಿಲಯ ಬೇರೆ, ಬಾಲಮಂದಿರ ಬೇರೆ ಇರಬಹುದು. ಧರ್ಮದ ಲೆಕ್ಕದಲ್ಲಿ ಮಗು ಒಂದೇ.

ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಲಕ್ಕಮ್ಮ ಕೇಳಿದಳು; ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಮಾಡಿದಳು. ಗಂಡನ ಮರ್ಯಾದೆ ಹೋಯಿತೇ? ಆಕೆ ಕೇಳಿದ್ದರಿಂದ ಅವನ ಕಾಯಕ ಶುದ್ಧವಾಗಿ ಉಳಿಯಿತು. ಅಕ್ಕಿಯ ಕಾಳಿಗೇ ಅಷ್ಟು ವಿಚಾರಣೆ ಬೇಕಾದರೆ ಮಕ್ಕಳ ವಿಷಯದಲ್ಲಿ ಎಷ್ಟು ಬೇಕು?

ಆದುದರಿಂದ ಈ ಸಭೆಯಲ್ಲಿ ಒಂದು ಮಾತು ಕೊಡುತ್ತೇವೆ. ಇನ್ನು ಮುಂದೆ ನಿಲಯ ಬಿಟ್ಟ ಪ್ರತಿ ಮಗುವಿನ ಮನೆಗೆ ಮಠದ ಹೊರಗಿನವರೊಬ್ಬರು ಹೋಗಿ ಕಾರಣ ಕೇಳಿ ಬರುತ್ತಾರೆ. ಮಕ್ಕಳ ಹೆಸರು ಹೊರಬೀಳದಂತೆ, ಜಾತ್ರೆಯ ದಿನ ಅಕ್ಕಿಯ ಲೆಕ್ಕಕ್ಕಿಂತ ಮೊದಲು ಆ ಲೆಕ್ಕ ಓದುತ್ತೇವೆ. ತಾಯಿ ತಂದೆಯರು ಯಾವ ಹೊತ್ತಿನಲ್ಲಿ ಬಂದರೂ ಬಾಗಿಲು ತೆರೆದಿರುತ್ತದೆ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಊಟದ ಮನೆಯ ಗೋಡೆಯ ಮೇಲೆ ಮಗುವಿನ ಕಣ್ಣಿಗೆ ನಿಲುಕುವಷ್ಟು ಎತ್ತರದಲ್ಲಿ ಬರೆಸುತ್ತೇವೆ. ದೂರು ನಮ್ಮ ಮೇಲೆಯೇ ಇದ್ದರೆ ಅದನ್ನು ವಿಚಾರಿಸುವವರು ನಾವಾಗಬಾರದು.

ನಿಮ್ಮಲ್ಲಿಯೂ ಒಂದು ಬೇಡಿಕೆ. ಪಾದಕ್ಕೆರಗುವ ಮೊದಲು ನಿಲಯಕ್ಕೆ ಹೋಗಿ, ಮಕ್ಕಳ ಪಕ್ಕ ಕುಳಿತು ಪ್ರಸಾದ ಸ್ವೀಕರಿಸಿರಿ. ಮಗು ಏನಾದರೂ ಹೇಳಿದರೆ ಬಾಯಿ ಮುಚ್ಚಿಸಬೇಡಿರಿ. ಬಂದು ನಮ್ಮನ್ನು ಕೇಳಿರಿ. ಕೇಳಿದರೆ ಪಾಪ ಬರುವುದಿಲ್ಲ. ತಿಳಿದೂ ಸುಮ್ಮನಿದ್ದರೆ ಬರುತ್ತದೆ.

ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ಮಠಕ್ಕೆ ಇನ್ನೂ ಬಂದಿಲ್ಲ. ಬರುವಂಥ ಮಠವಾಗುವುದು ನಮ್ಮ ಕೆಲಸ.