ಎರವಲು ಹೋದ ಪಿಟೀಲುಗಳು



2003ರ ನವೆಂಬರಿನಲ್ಲಿ ಅಮೆರಿಕದ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಅವರ ನಾಲ್ಕನೆಯ ಆಲ್ಬಂ ‘ಇನ್ ದ ಝೋನ್’ ಹೊರಬಂತು. ಅದರಲ್ಲಿ ‘ಟಾಕ್ಸಿಕ್’ ಎಂಬ ಹಾಡಿದೆ. ಗಾಯಕಿ ಬಾಯಿ ತೆರೆಯುವ ಮೊದಲೇ ಪಿಟೀಲುಗಳ ಗುಂಪೊಂದು ತಾರಸ್ಥಾಯಿಯಲ್ಲಿ ಚುರುಕಾಗಿ ಏರಿ, ಗಕ್ಕನೆ ನಿಂತು, ಮತ್ತೆ ಏರುತ್ತದೆ. ಕೇಳಿದವರಿಗೆ ಮರೆಯಲಾಗದ ಸದ್ದು ಅದು. 2004ರಲ್ಲಿ ಈ ಹಾಡು ಬ್ರಿಟನ್ನಿನಲ್ಲಿ ಮೊದಲನೆಯ ಸ್ಥಾನಕ್ಕೇರಿತು, ಅಮೆರಿಕದಲ್ಲಿ ಒಂಬತ್ತನೆಯ ಸ್ಥಾನ ಮುಟ್ಟಿತು. 2005ರಲ್ಲಿ ಆ ಗಾಯಕಿಗೆ ಮೊದಲ ಗ್ರ್ಯಾಮಿ ಪ್ರಶಸ್ತಿ ತಂದುಕೊಟ್ಟದ್ದೂ ಇದೇ ಹಾಡು. ಇಂದಿಗೂ ಆ ಪಿಟೀಲು ಕೇಳಿಸಿದ ಅರೆಕ್ಷಣದಲ್ಲಿ ಜನ ಹಾಡನ್ನು ಗುರುತು ಹಿಡಿಯುತ್ತಾರೆ.

ಆ ಪಿಟೀಲು ಹುಟ್ಟಿದ್ದು ಅಮೆರಿಕದಲ್ಲಲ್ಲ, ಮುಂಬಯಿಯಲ್ಲಿ. 1981ರ ಹಿಂದಿ ಚಿತ್ರ ‘ಏಕ್ ದೂಜೇ ಕೇ ಲಿಯೇ’ಯ ‘ತೇರೇ ಮೇರೇ ಬೀಚ್ ಮೇ’ ಹಾಡಿನಿಂದ ಅದನ್ನು ಎತ್ತಿಕೊಂಡಿದ್ದಾರೆ. ಹಾಡಿದವರು ಲತಾ ಮಂಗೇಶ್ಕರ್ ಮತ್ತು ನಮ್ಮ ಎಸ್. ಪಿ. ಬಾಲಸುಬ್ರಹ್ಮಣ್ಯಂ. ‘ನಮ್ಮ’ ಎಂದದ್ದು ಬರೀ ಅಭಿಮಾನದಿಂದಲ್ಲ. 1967ರ ‘ನಕ್ಕರೆ ಅದೇ ಸ್ವರ್ಗ’ದಿಂದ ಕನ್ನಡಕ್ಕೆ ಹಾಡಲು ಶುರುಮಾಡಿದ ಅವರು ಐದು ದಶಕ ನಮ್ಮ ಜೊತೆಗೇ ಇದ್ದರು. ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಹಿಂದಿಯಲ್ಲಿ ಅವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು ‘ತೇರೇ ಮೇರೇ ಬೀಚ್ ಮೇ’.

ಆ ಚಿತ್ರದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಕೆ. ಬಾಲಚಂದರ್ 1978ರಲ್ಲಿ ತೆಲುಗಿನಲ್ಲಿ ‘ಮರೋ ಚರಿತ್ರ’ ತೆಗೆದರು. ತೆಲುಗು ಬಾರದ ಊರುಗಳಲ್ಲೂ ಓಡಿದ ಆ ಚಿತ್ರವನ್ನು ಬೆಂಗಳೂರಿನ ಪ್ರೇಕ್ಷಕರೂ ಬಹುಕಾಲ ನೋಡಿದರು. ಅದನ್ನೇ ಹಿಂದಿಗೆ ತಂದಾಗ ಕಥೆ ಗೋವೆಯಲ್ಲಿ ನಡೆಯಿತು. ಅಕ್ಕಪಕ್ಕದ ಮನೆಯ ತಮಿಳು ಹುಡುಗ, ಉತ್ತರದ ಹುಡುಗಿ, ನಡುವೆ ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗದ ಭಾಷೆ. ಹಿಂದಿ ಚಿತ್ರಕ್ಕೆ ದಕ್ಷಿಣದ ಗಾಯಕ ಹೊಂದುತ್ತಾರೆಯೇ ಎಂದು ಸಂಗೀತ ನಿರ್ದೇಶಕರು ಹಿಂದೆ ಮುಂದೆ ನೋಡಿದರು. ನಾಯಕನೇ ದಕ್ಷಿಣದವನು, ಅವನ ಉಚ್ಚಾರ ಹಾಗಿದ್ದರೇ ಚೆಂದ ಎಂದು ಬಾಲಚಂದರ್ ಪಟ್ಟು ಹಿಡಿದರು. ಈ ಸಂಗತಿಯನ್ನು ಎಸ್.ಪಿ.ಬಿ. ಮನತುಂಬಿ ನೆನೆಯುತ್ತಿದ್ದರು.

‘ಟಾಕ್ಸಿಕ್’ ತಯಾರಾದ ಸ್ವೀಡನ್ನಿನ ಸ್ಟಾಕ್‌ಹೋಮಿಗೆ ಹೋದದ್ದು ಮಾತ್ರ ಲತಾ ಅವರ ದನಿಯೂ ಅಲ್ಲ, ಎಸ್.ಪಿ.ಬಿ. ಅವರ ದನಿಯೂ ಅಲ್ಲ, ಆನಂದ್ ಬಕ್ಷಿ ಬರೆದ ಸಾಹಿತ್ಯವೂ ಅಲ್ಲ. ಹೋದದ್ದು ದನಿಗಳ ನಡುವೆ ಪಿಟೀಲುಗಳು ತುಂಬಿದ ಜಾಗ. ಯಾರೂ ಹೆಸರು ಹಿಡಿದು ಕರೆಯದ ವಾದ್ಯಗಾರರ ಕೈಕೆಲಸ ಅದು, ಮತ್ತು ನನಗೆ ಈ ಕಥೆಯಲ್ಲಿ ಅತ್ಯಂತ ಮುಖ್ಯವಾಗಿ ಕಾಣುವುದು ಅವರೇ.

ಆ ಚಿತ್ರದ ಸಂಗೀತ ಲಕ್ಷ್ಮೀಕಾಂತ್–ಪ್ಯಾರೇಲಾಲ್ ಅವರದು. ಇಬ್ಬರೂ ಬೇರೆಯವರ ವಾದ್ಯಮೇಳಗಳಲ್ಲಿ ನುಡಿಸಿ ಬೆಳೆದವರು. ಲಕ್ಷ್ಮೀಕಾಂತ್ ಮ್ಯಾಂಡೊಲಿನ್, ಪ್ಯಾರೇಲಾಲ್ ಪಿಟೀಲು. 1963ರ ‘ಪಾರಸ್‌ಮಣಿ’ಯಿಂದ ಆರಂಭಿಸಿ ಐನೂರಕ್ಕೂ ಹೆಚ್ಚು ಚಿತ್ರಗಳಿಗೆ ಸಂಗೀತ ಕೊಟ್ಟರು. ಧಾಟಿ ಕಟ್ಟುವುದರಲ್ಲಿ ಲಕ್ಷ್ಮೀಕಾಂತ್ ಮುಂದೆ, ವಾದ್ಯಗಳನ್ನು ಜೋಡಿಸುವುದರಲ್ಲಿ ಪ್ಯಾರೇಲಾಲ್ ಮುಂದೆ. ಅವರ ಮೇಳಗಳಲ್ಲಿ ಪಿಟೀಲುಗಳ ಸಾಲು ಎಷ್ಟು ಉದ್ದವಿರುತ್ತಿತ್ತೆಂಬುದನ್ನು ಆ ಕಾಲದ ಯಾವ ಹಾಡು ಕೇಳಿದರೂ ಊಹಿಸಬಹುದು.

ಪ್ಯಾರೇಲಾಲ್‌ಗೆ ಪಿಟೀಲು ಕಲಿಸಿದವರು ಗೋವೆಯ ಮಜೋರ್ಡಾದ ಆಂಟನಿ ಗೊನ್ಸಾಲ್ವಿಸ್. 1977ರ ‘ಅಮರ್ ಅಕ್ಬರ್ ಆಂಟನಿ’ಯಲ್ಲಿ ಅಮಿತಾಭ್ ಬಚ್ಚನ್ ದೊಡ್ಡ ಮೊಟ್ಟೆಯೊಳಗಿಂದ ಹೊರಬಂದು ಹೆಸರು ಹೇಳಿಕೊಳ್ಳುವ ಹಾಡನ್ನು ನೀವು ನೋಡಿರುತ್ತೀರಿ. ಆ ಹೆಸರು ಪ್ಯಾರೇಲಾಲ್ ತಮ್ಮ ಗುರುವಿಗೆ ಸಲ್ಲಿಸಿದ ವಂದನೆ. ದೇಶಕ್ಕೆ ದೇಶವೇ ಆ ಹೆಸರನ್ನು ಗುನುಗಿತು. ಅದು ನಿಜವಾದ ಒಬ್ಬ ಸಂಗೀತಗಾರರ ಹೆಸರೆಂದು ಎಷ್ಟೋ ಜನರಿಗೆ ತಿಳಿದದ್ದು ಬಹಳ ತಡವಾಗಿ. ಗೊನ್ಸಾಲ್ವಿಸ್ 1958ರಲ್ಲಿ ಮುಂಬಯಿಯಲ್ಲಿ ಭಾರತೀಯ ರಾಗಗಳನ್ನು ಸಿಂಫನಿ ಮೇಳದಲ್ಲಿ ನುಡಿಸಲು ತಂಡ ಕಟ್ಟಿದರು. ಅರುವತ್ತರ ದಶಕದಲ್ಲಿ ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ ಹೋಗಿ, ಮರಳಿ ಬಂದು, ತಮ್ಮ ಊರಿನಲ್ಲೇ ನೆಲೆಸಿ, 2012ರಲ್ಲಿ ತೀರಿಕೊಂಡರು.

ಗೋವೆಯಿಂದ ಮುಂಬಯಿಗೆ ಹೋದ ಸಂಗೀತಗಾರರ ಸಾಲು ದೊಡ್ಡದು. ಪೋರ್ಚುಗೀಸರ ಕಾಲದಲ್ಲಿ ಗೋವೆಯ ಚರ್ಚುಗಳಿಗೆ ಸೇರಿದ ಶಾಲೆಗಳಲ್ಲಿ ಮಕ್ಕಳಿಗೆ ಸಂಗೀತದ ಲಿಪಿ ಓದುವುದನ್ನೂ ಪಿಟೀಲು ಹಿಡಿಯುವುದನ್ನೂ ಕಲಿಸುತ್ತಿದ್ದರು. ಕಲಿತವರು ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದರು, ಹೋಟೆಲುಗಳಲ್ಲಿ ಜಾಝ್ ನುಡಿಸಿದರು, ನಂತರ ಚಿತ್ರರಂಗಕ್ಕೆ ಇಳಿದರು. ಸಂಗೀತ ನಿರ್ದೇಶಕರಾದ ಶಂಕರ್–ಜೈಕಿಶನ್ ಅವರ ಮೇಳ ಜೋಡಿಸಿದವರು ಸೆಬಾಸ್ಟಿಯನ್ ಡಿಸೋಜಾ. ಸಿ. ರಾಮಚಂದ್ರರ ಜೊತೆಗಿದ್ದವರು ತುತ್ತೂರಿಯ ಚಿಕ್ ಚಾಕೊಲೇಟ್. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮೇಲೆ ಧಾಟಿ ಹೇಳಿದರೆ, ಅದನ್ನು ಕಾಗದದ ಮೇಲೆ ಇಳಿಸಿ ಯಾರು ಎಲ್ಲಿ ಏನು ನುಡಿಸಬೇಕೆಂದು ಬರೆಯುತ್ತಿದ್ದವರು ಇಂಥ ಅರೇಂಜರುಗಳು. ಗ್ರೆಗರಿ ಬೂತ್ ಎಂಬ ವಿದ್ವಾಂಸರು ಈ ವಾದ್ಯಗಾರರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ 2008ರಲ್ಲಿ ಒಂದು ಪುಸ್ತಕವನ್ನೇ ತಂದಿದ್ದಾರೆ. ಆ ಕೆಲಸಕ್ಕೆ ನಾವು ಎಷ್ಟು ಋಣಿಯಾಗಿದ್ದರೂ ಕಡಿಮೆಯೇ.

ಧ್ವನಿಮುದ್ರಣ ನಡೆಯುತ್ತಿದ್ದ ಬಗೆಯನ್ನೂ ನೆನೆಯೋಣ. ಬಹುಕಾಲ ಗಾಯಕರು, ತಬಲಾ, ಢೋಲಕ್, ಪಿಟೀಲುಗಳ ಸಾಲು, ಎಲ್ಲರೂ ಒಂದೇ ಹೊತ್ತಿಗೆ ಕೂತು ನುಡಿಸಬೇಕಿತ್ತು. ನಲವತ್ತನೆಯವರ ಕೈ ಜಾರಿದರೂ ಹಾಡು ಮತ್ತೆ ಮೊದಲಿನಿಂದ. ಅದಕ್ಕೇ ಆ ಮೇಳಗಳಲ್ಲಿ ಒಂದು ಬಿಗಿ ಇದೆ. ಹತ್ತಾರು ಕಮಾನುಗಳು ಒಂದೇ ಉಸಿರಿಗೆ ತಂತಿ ಕಚ್ಚುತ್ತವೆ, ಆದರೆ ಪ್ರತಿಯೊಂದು ಕೂದಲೆಳೆಯಷ್ಟು ಬೇರೆ. ಆ ಕೂದಲೆಳೆಯ ಅಂತರದಿಂದಲೇ ಪಿಟೀಲು ಗುಂಪಿಗೆ ತುಂಬುತನ ಬರುವುದು. ಯಂತ್ರದಲ್ಲಿ ಒಂದು ಪಿಟೀಲನ್ನು ಮೂವತ್ತು ಸಲ ನಕಲು ಮಾಡಿದರೆ ಅದು ಹುಟ್ಟುವುದಿಲ್ಲ.

ಇದನ್ನು ‘ಟಾಕ್ಸಿಕ್’ ಕಟ್ಟಿದ ಸ್ವೀಡನ್ನಿನ ಜೋಡಿ ಚೆನ್ನಾಗಿ ಗ್ರಹಿಸಿತ್ತು. ಕ್ರಿಶ್ಚಿಯನ್ ಕಾರ್ಲ್‌ಸನ್ ಮತ್ತು ಪೊಂಟಸ್ ವಿನ್ಬೆರಿ, ‘ಬ್ಲಡ್‌ಶೈ ಅಂಡ್ ಅವಾಂತ್’ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದವರು. ಹೆನ್ರಿಕ್ ಯೋನ್‌ಬಾಕ್ ಮತ್ತು ಇಂಗ್ಲೆಂಡಿನ ಕ್ಯಾಥಿ ಡೆನಿಸ್ ಅವರೊಂದಿಗೆ ಸೇರಿ ಹಾಡು ಬರೆದರು. ಮೊದಲು ಆಸ್ಟ್ರೇಲಿಯದ ಕೈಲಿ ಮಿನೋಗ್ ಅವರಿಗೆ ಕೊಡಲು ಹೋದರು. ಅವರು ಬೇಡವೆಂದದ್ದು ಸ್ಪಿಯರ್ಸ್ ಅವರಿಗೆ ಒಲಿಯಿತು. ಮುಂಬಯಿಯ ಹಾಡಿನಿಂದ ಪಿಟೀಲಿನ ತುಣುಕುಗಳನ್ನು ಕತ್ತರಿಸಿ, ಹೊಸ ಕ್ರಮದಲ್ಲಿ ಕೂಡಿಸಿ, ಕೆಳಗೆ ಯಂತ್ರದ ತಾಳವನ್ನೂ ಗೂಢಚಾರಿ ಚಿತ್ರಗಳನ್ನು ನೆನಪಿಸುವ ಗಿಟಾರನ್ನೂ ಇಟ್ಟರು. ಹೀಗೆ ಮುದ್ರಿತ ಸದ್ದನ್ನೇ ಕತ್ತರಿಸಿ ಅಂಟಿಸುವುದಕ್ಕೆ ಸ್ಯಾಂಪಲ್ ಎನ್ನುತ್ತಾರೆ. ಎಂಬತ್ತರ ದಶಕದಲ್ಲಿ ಅಕಾಯ್‌ನಂಥ ಕಂಪನಿಗಳ ಯಂತ್ರಗಳು ಕೈಗೆಟಕುವ ಬೆಲೆಗೆ ಬಂದ ಮೇಲೆ ಇದು ದೊಡ್ಡ ಕಲೆಯಾಗಿ ಬೆಳೆಯಿತು.

ಮೂಲದಲ್ಲಿ ಆ ಪಿಟೀಲುಗಳು ಅಳುತ್ತವೆ, ಇಬ್ಬರ ನಡುವಿನ ಬಂಧಕ್ಕೆ ಹೆಸರು ಸಿಗದ ಸಂಕಟವನ್ನು ಎಳೆದೆಳೆದು ಹೇಳುತ್ತವೆ. ‘ಟಾಕ್ಸಿಕ್’ನಲ್ಲಿ ಅವೇ ಅಪಾಯದ ಗಂಟೆಗಳಾಗುತ್ತವೆ. ಅದೇ ನುಡಿಸಾಣಿಕೆ, ಬೇರೆಯದೇ ಭಾವ. ಇದನ್ನು ಕಳ್ಳತನವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಆಯ್ದುಕೊಂಡ ಕಿವಿ ಸೂಕ್ಷ್ಮವಾದದ್ದು.

ಎರವಲು ನಮಗೇನೂ ಹೊಸತಲ್ಲ. ಮುತ್ತುಸ್ವಾಮಿ ದೀಕ್ಷಿತರು ಆಂಗ್ಲರ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ ನೋಟುಸ್ವರಗಳನ್ನು ರಚಿಸಿದರು. ಅವರ ತಮ್ಮ ಬಾಲುಸ್ವಾಮಿಯವರು ಯುರೋಪಿನ ಪಿಟೀಲನ್ನು ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ಸಲೀಲ್ ಚೌಧರಿ 1961ರ ‘ಛಾಯಾ’ ಚಿತ್ರದಲ್ಲಿ ಮೊಜಾರ್ಟ್‌ನ ನಲವತ್ತನೆಯ ಸಿಂಫನಿಯಿಂದ ಧಾಟಿ ತೆಗೆದುಕೊಂಡರು. ಆದರೆ ಧಾಟಿ ಎರವಲು ಪಡೆದವರು ಅದನ್ನು ತಮ್ಮ ಕೈಯಿಂದ ಮತ್ತೆ ನುಡಿಸಬೇಕು. ಸ್ಯಾಂಪಲ್ ಮಾಡುವಾಗ ಬೇರೆಯವರ ಕೈಗಳೇ ಹೊಸ ಹಾಡಿನೊಳಗೆ ಬಂದು ಕೂರುತ್ತವೆ.

ಕಾನೂನಿನ ಜಗಳ ಹುಟ್ಟಿದ್ದು ಇಲ್ಲಿಂದ. ಬಿಜ್ ಮಾರ್ಕಿ ಎಂಬ ರ‍್ಯಾಪ್ ಗಾಯಕರು ಗಿಲ್ಬರ್ಟ್ ಓ’ಸಲಿವನ್ ಅವರ ಹಾಡಿನ ತುಣುಕನ್ನು ಅನುಮತಿ ಇಲ್ಲದೆ ಬಳಸಿದ್ದರ ವಿರುದ್ಧ 1991ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಅಂದಿನಿಂದ ಅಮೆರಿಕದ ಕಂಪನಿಗಳು ಮೊದಲೇ ಅನುಮತಿ ಪಡೆಯುವ ಪದ್ಧತಿಗೆ ಬಂದವು. ಆದರೂ ಹಿಂದಿ ಹಾಡು ದೂರದ್ದು, ಕೇಳುವವರಿಲ್ಲ ಎಂಬ ಭಾವನೆ ಉಳಿದಿತ್ತು. 2002ರಲ್ಲಿ ಟ್ರೂತ್ ಹರ್ಟ್ಸ್ ಎಂಬ ಗಾಯಕಿಯ ‘ಅಡಿಕ್ಟಿವ್’ ಹಾಡಿನಲ್ಲಿ ಲತಾ ಅವರ ದನಿಯೇ ಇತ್ತು. 1981ರ ‘ಜ್ಯೋತಿ’ ಚಿತ್ರದ ಹಾಡು, ಸಂಗೀತ ಬಪ್ಪಿ ಲಾಹಿರಿ. ಬಪ್ಪಿಯವರು ಅಮೆರಿಕದ ನ್ಯಾಯಾಲಯಕ್ಕೆ ಹೋದರು. ತಮ್ಮ ಹೆಸರು ನಮೂದಾಗುವ ತನಕ ಆ ಸಿ.ಡಿ. ಮಾರುವಂತಿಲ್ಲವೆಂಬ ಆದೇಶವನ್ನು 2003ರಲ್ಲಿ ಪಡೆದೇ ಬಂದರು. ಆ ಸುದ್ದಿ ಓದಿದವರು ಹೆಮ್ಮೆಪಟ್ಟದ್ದು ಸಹಜ.

ಬ್ರಿಟನ್ನಿನಲ್ಲೂ ಪಿಟೀಲುಗಳದ್ದೇ ಇಂಥ ಕಥೆ ಇದೆ. ‘ದ ವರ್ವ್’ ತಂಡದ 1997ರ ‘ಬಿಟರ್ ಸ್ವೀಟ್ ಸಿಂಫನಿ’ಗೆ ಆಧಾರವಾದದ್ದು ರೋಲಿಂಗ್ ಸ್ಟೋನ್ಸ್ ಹಾಡೊಂದರ ವಾದ್ಯರೂಪ. ಅದರ ಹಕ್ಕಿನ ಜಗಳದಲ್ಲಿ ಹಾಡಿನ ಕರ್ತೃತ್ವವೇ ಸ್ಟೋನ್ಸ್ ತಂಡದ ಮಿಕ್ ಜಾಗರ್ ಮತ್ತು ಕೀತ್ ರಿಚರ್ಡ್ಸ್ ಹೆಸರಿಗೆ ಹೋಯಿತು. 2019ರಲ್ಲಿ ಅವರಿಬ್ಬರೂ ತಮ್ಮ ಪಾಲನ್ನು ‘ದ ವರ್ವ್’ನ ಗಾಯಕ ರಿಚರ್ಡ್ ಆ್ಯಶ್‌ಕ್ರಾಫ್ಟ್ ಅವರಿಗೆ ಬಿಟ್ಟುಕೊಟ್ಟರು. ಎರಡು ದಶಕ ಎಲ್ಲರೂ ಗಾಯಕರ, ಗೀತಕಾರರ ಬಗ್ಗೆ ವಾದಿಸಿದರು. ಆ ವಾದ್ಯರೂಪದ ಮೇಳ ಜೋಡಿಸಿದ ಡೇವಿಡ್ ವಿಟೇಕರ್ 2012ರಲ್ಲೇ ತೀರಿಹೋಗಿದ್ದರು.

ಮುಂಬಯಿಯ ಪಿಟೀಲುಗಾರರಿಗೆ ಸಿಗುತ್ತಿದ್ದುದು ಪಾಳಿಯ ಕೂಲಿ. ಕೂತು ನುಡಿಸಿ, ಹಣ ಪಡೆದು ಮನೆಗೆ ಹೋದರೆ ಲೆಕ್ಕ ಮುಗಿಯಿತು. ಚಿತ್ರಸಂಗೀತದ ಮೊದಲ ಹಕ್ಕು ನಿರ್ಮಾಪಕರದೆಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಸಂಗೀತ ನಿರ್ದೇಶಕರಿಗೂ ಗೀತಕಾರರಿಗೂ ದಾರಿ ಕಿರಿದಾಯಿತು. ನುಡಿಸುವವರ ಮಾತೇ ಬರಲಿಲ್ಲ. ಕಲಾವಿದರ ಹಕ್ಕು ನಮ್ಮ ಹಕ್ಕುಸ್ವಾಮ್ಯ ಕಾಯಿದೆಗೆ ಸೇರಿದ್ದು 1994ರಲ್ಲಿ, ಗಾಯಕರಿಗೂ ವಾದ್ಯಗಾರರಿಗೂ ರಾಯಧನದ ಪಾಲು ಸಿಗುವಂತೆ ಅದು ಗಟ್ಟಿಯಾದದ್ದು 2012ರ ತಿದ್ದುಪಡಿಯಿಂದ. ಆ ತಿದ್ದುಪಡಿಯಲ್ಲೇ ಒಂದು ಸಾಲು ಇದೆ. ಚಿತ್ರದಲ್ಲಿ ಯಾರ ಪಾತ್ರ ಆಕಸ್ಮಿಕವಾದದ್ದೋ, ಯಾರ ಹೆಸರನ್ನು ಉದ್ಯಮದ ರೂಢಿಯಂತೆ ಎಲ್ಲೂ ಹಾಕುವುದಿಲ್ಲವೋ ಅಂಥವರು, ತಮ್ಮ ಕಲೆಯನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕೊಂದನ್ನು ಬಿಟ್ಟು, ಕಾಯಿದೆಯ ಕಣ್ಣಿಗೆ ಕಲಾವಿದರೇ ಅಲ್ಲ. ಜನಜಂಗುಳಿಯಲ್ಲಿ ನಿಲ್ಲುವ ನಟರನ್ನು ಮನಸ್ಸಿನಲ್ಲಿಟ್ಟು ಬರೆದ ಮಾತಿರಬಹುದು. ಆದರೆ ಹೆಸರು ಹಾಕದ ರೂಢಿಗೆ ಕಾನೂನಿನಲ್ಲಿ ಎಂಥ ಬೆಲೆ ತೆರಬೇಕಾದೀತು ಎಂಬುದು ಅಲ್ಲಿ ಕಾಣುತ್ತದೆ. ಕೀಬೋರ್ಡು, ಕಂಪ್ಯೂಟರುಗಳು ಬಂದು ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ ಆ ದೊಡ್ಡ ಮೇಳಗಳು ಬಹುಮಟ್ಟಿಗೆ ಚದುರಿದ್ದವು. ‘ಟಾಕ್ಸಿಕ್’ ಆ ಸದ್ದನ್ನು ಜಗತ್ತಿಗೆಲ್ಲ ಕೇಳಿಸಿದಾಗ, ಅದು ಹುಟ್ಟಿದ ಊರಿನಲ್ಲಿ ಅದನ್ನು ಮಾಡುವುದು ನಿಂತೇಹೋಗುತ್ತಿತ್ತು.

ಹೆಸರು ಹಾಕುವ ವಿಷಯದಲ್ಲಿ ರೇಡಿಯೋ ಹಿಂದೆ ಮಾಡಿದ ಒಂದು ಒಳ್ಳೆಯ ಕೆಲಸವಿದೆ. 1949ರ ‘ಮಹಲ್’ ಚಿತ್ರದ ಹಾಡಿನ ತಟ್ಟೆ ಬಂದಾಗ ಅದರ ಮೇಲೆ ಗಾಯಕಿಯ ಹೆಸರಿರಲಿಲ್ಲ, ಚಿತ್ರದ ಪಾತ್ರ ‘ಕಾಮಿನಿ’ಯ ಹೆಸರಿತ್ತು. ಹಾಡಿದವರು ಯಾರು ಎಂದು ಕೇಳುಗರು ಕಾಗದದ ಮೇಲೆ ಕಾಗದ ಬರೆದರು. ಆಕಾಶವಾಣಿಯು ತಟ್ಟೆಯ ಕಂಪನಿಯನ್ನು ಕೇಳಿ, ಲತಾ ಮಂಗೇಶ್ಕರ್ ಎಂಬ ಹೆಸರನ್ನು ಪ್ರಸಾರ ಮಾಡಿತು. ಚಿತ್ರ, ಗಾಯಕರು, ಸಾಹಿತ್ಯ, ಸಂಗೀತ ಎಂದು ಇವತ್ತು ಉದ್ಘೋಷಕರು ಹಾಡಿನ ಮುಂದೆ ಹೇಳುವ ಪಟ್ಟಿಗೆ ಇನ್ನೊಂದು ಹೆಸರು, ಮೇಳ ಜೋಡಿಸಿದವರದು, ಸೇರಬೇಕೆಂದು ನನ್ನ ಆಸೆ. ಅದಾದ ಮೇಲೆ ಪಿಟೀಲು ನುಡಿಸಿದವರದು. ಕನ್ನಡ ಚಿತ್ರಗಳಿಗೆ ಬೆಂಗಳೂರು, ಮದರಾಸುಗಳಲ್ಲಿ ನುಡಿಸಿದ ಹಿರಿಯರು ಹಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಬಲ್ಲವರು ಈಗಲೇ ಅವರ ಬಳಿ ಕೂತು, ಯಾವ ಹಾಡಿಗೆ ಯಾರು ಏನು ನುಡಿಸಿದರೆಂದು ಕೇಳಿ ಬರೆದಿಟ್ಟುಕೊಳ್ಳಿ.